ಟ್ಯಾಗ್‌ನಿಂದ ಪರಿಕಲ್ಪನೆಗೆ: ಸಮುದಾಯ ಚಿತ್ರಸಂಗ್ರಹಗಳಲ್ಲಿ ಅರ್ಥನಿರ್ಣಯ ಮತ್ತು ಅರ್ಥಸಂಬಂಧಗಳ ಚರಿತ್ರೆ

ಸಾರಾಂಶ

ಸಾರ್ವಜನಿಕರೇ ಕಟ್ಟಿ ನಡೆಸುವ ಅಂತರಜಾಲದ ಚಿತ್ರಸಂಗ್ರಹಗಳಲ್ಲಿ ಟ್ಯಾಗ್‌ಗಳು 2004ರಿಂದ ಈಚೆಗೆ ಬಿಡಿ ಪದಗಳ ಸ್ಥಿತಿಯಿಂದ ನಿರೂಪಿತ ಅರ್ಥವುಳ್ಳ, ಪರಸ್ಪರ ಸಂಬಂಧಿತ ಘಟಕಗಳಾಗಿ ಮಾರ್ಪಟ್ಟ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ವಿಕಿಮೀಡಿಯ ಕಾಮನ್ಸ್ ನಮ್ಮ ಮುಖ್ಯ ಆಕರ. ಫ್ಲಿಕರ್ ಮತ್ತು ಡ್ಯಾನ್‌ಬೂರು ಹೋಲಿಕೆಯ ಆಕರಗಳು. ಸಾಮಾನ್ಯ-ವಿಶೇಷ ಸಂಬಂಧವನ್ನು ಈ ಸಂಗ್ರಹಗಳು ಭಿನ್ನ ರೀತಿಗಳಲ್ಲಿ ನಿರ್ವಹಿಸಿವೆ. ಹೆಸರುಗಳು ಬಹುಭಾಷಿಕವಾದ ಮಾತ್ರಕ್ಕೆ ಅರ್ಥದ ಎಲ್ಲೆಗಳು ಬಹುಭಾಷಿಕವಾಗುವುದಿಲ್ಲ. ಈ ಎರಡನೆಯ ಮಾತನ್ನು ಕನ್ನಡದ ಸ್ಮಾರಕಶಿಲೆಗಳ ಪದಗಳ ಮೂಲಕ ಸ್ಥಾಪಿಸಲು ಯತ್ನಿಸಿದ್ದೇವೆ.

ಮುಖ್ಯ ಪದಗಳು: ಟ್ಯಾಗ್, ಸಮಾನಾರ್ಥ, ನಾನಾರ್ಥ, ಸಾಮಾನ್ಯ-ವಿಶೇಷ ಸಂಬಂಧ, ವಿಕಿಮೀಡಿಯ ಕಾಮನ್ಸ್, ವೀರಗಲ್ಲು

1. ಪೀಠಿಕೆ

ಚಿತ್ರಕ್ಕೆ ಪದವನ್ನು ಹಚ್ಚುವ ಕೆಲಸದಲ್ಲಿ ಶಬ್ದಾರ್ಥ ವಿಚಾರದ ಹಳೆಯ ಪ್ರಶ್ನೆಗಳೆಲ್ಲ ಮತ್ತೆ ಎದುರಾಗುತ್ತವೆ. ಒಂದೇ ವಸ್ತುವಿಗೆ ಎರಡು ಹೆಸರುಗಳಿದ್ದಾಗ ಯಾವುದನ್ನು ಆಯಬೇಕು? ಒಂದೇ ಹೆಸರಿಗೆ ಎರಡು ಅರ್ಥಗಳಿದ್ದಾಗ ಅವನ್ನು ಹೇಗೆ ಬೇರ್ಪಡಿಸಬೇಕು? ಚಿತ್ರಕ್ಕೆ ‘ಮಾವಿನ ಮರ’ ಎಂದು ಬರೆದ ಮೇಲೆ ‘ಮರ’ ಎಂದೂ ಬರೆಯಬೇಕೇ? ಸಮಾನಾರ್ಥಗಳನ್ನು ಒಂದೆಡೆಯೂ ನಾನಾರ್ಥಗಳನ್ನು ಇನ್ನೊಂದೆಡೆಯೂ ಜೋಡಿಸುವ ಕ್ರಮ ಅಮರಕೋಶದ ಓದುಗರಿಗೆ ಪರಿಚಿತವೇ ಆಗಿದೆ. ಆದರೆ ಅಲ್ಲಿ ನಿರ್ಣಯ ಕೋಶಕಾರನದು. ಅದೇ ನಿರ್ಣಯವನ್ನು ಪರಸ್ಪರ ಪರಿಚಯವಿಲ್ಲದ ಸಾವಿರಾರು ಜನರು, ಬೇರೆಬೇರೆ ದೇಶಗಳಲ್ಲಿ ಕುಳಿತು, ಕೆಲಸ ಸಾಗುತ್ತಿರುವಾಗಲೇ ಮಾಡಬೇಕಾಗಿ ಬಂದದ್ದು ಕಳೆದ ಎರಡು ದಶಕಗಳ ವಿಶೇಷ.

ಈ ಅವಧಿಯ ಚರಿತ್ರೆಯನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಬೆಳವಣಿಗೆಯಾಗಿ ಹೇಳಲಾಗುತ್ತದೆ. ನಾವು ಅದನ್ನು ಕೋಶರಚನೆಯ ಚರಿತ್ರೆಯಾಗಿ ಓದಬಯಸುತ್ತೇವೆ. ನಮ್ಮ ಪ್ರತಿಪಾದನೆ ಇಷ್ಟು: ಟ್ಯಾಗ್ ಎಂಬುದು ಹುಟ್ಟಿನಲ್ಲಿ ಪದ ಮಾತ್ರ, ಅದರ ವ್ಯಾಪ್ತಿ, ಪರ್ಯಾಯಗಳು ಮತ್ತು ಮೇಲುಕೆಳಗಿನ ಸಂಬಂಧಗಳು ನಿರ್ಣಯವಾದಾಗಲೇ ಅದು ಪಾರಿಭಾಷಿಕ ಘಟಕವಾಗುತ್ತದೆ. ಈ ನಿರ್ಣಯ ಯಾವ ಭಾಷೆಯಲ್ಲಿ ನಡೆಯುತ್ತದೆಯೋ ಆ ಭಾಷೆಯ ಅರ್ಥವಿಭಜನೆ, ಹೆಸರುಗಳು ಬದಲಾದ ಮೇಲೂ, ಸಂಗ್ರಹದಲ್ಲಿ ಉಳಿದುಕೊಳ್ಳುತ್ತದೆ.

2. ಗ್ರಂಥಾಲಯಗಳ ಪೂರ್ವಪರಂಪರೆ

ಸಮುದಾಯ ಸಂಗ್ರಹಗಳು ಬರುವ ಮೊದಲೇ ಗ್ರಂಥಾಲಯ ವಿಜ್ಞಾನವು ನಿಯಂತ್ರಿತ ಪದಾವಳಿಯನ್ನು ರೂಪಿಸಿತ್ತು. ಏಕಭಾಷಿಕ ಪದಸಂಬಂಧಕೋಶಗಳ ರಚನೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1974ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿತು. ಅಂಗೀಕೃತ ಪದ ಮತ್ತು ಅದರ ಪರ್ಯಾಯ, ವ್ಯಾಪಕ ಪದ ಮತ್ತು ಸೀಮಿತ ಪದ, ಸಂಬಂಧಿತ ಪದ ಎಂಬ ಸಂಬಂಧಗಳು ಇಂತಹ ಕೋಶಗಳ ಅಡಿಪಾಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಚಿತ್ರಸಾಮಗ್ರಿಗಾಗಿಯೇ ಇದೇ ಮಾದರಿಯ ಪದಸಂಬಂಧಕೋಶವೊಂದನ್ನು ಸಿದ್ಧಪಡಿಸಿಕೊಂಡಿತ್ತು.

ಚಿತ್ರಕ್ಕೆ ವಿಶಿಷ್ಟವಾದ ತೊಡಕು ಬೇರೆಯದು. ಎರ್ವಿನ್ ಪನೋಫ್‌ಸ್ಕಿ 1939ರಲ್ಲಿ ಚಿತ್ರಾರ್ಥದ ಮೂರು ಸ್ತರಗಳನ್ನು ಗುರುತಿಸಿದರು: ಕಣ್ಣಿಗೆ ಕಾಣುವ ವಸ್ತು, ಸಂಪ್ರದಾಯದ ಅರಿವಿನಿಂದ ತಿಳಿಯುವ ವಿಷಯ, ಸಂಸ್ಕೃತಿಯ ಒಳಾರ್ಥ. ಇದನ್ನು ಆಧರಿಸಿ ಸಾರಾ ಶ್ಯಾಟ್‌ಫರ್ಡ್ 1986ರಲ್ಲಿ, ಚಿತ್ರವು ‘ಯಾವುದರದು’ ಎಂಬ ಪ್ರಶ್ನೆಯನ್ನು ‘ಯಾವುದರ ಕುರಿತು’ ಎಂಬ ಪ್ರಶ್ನೆಯಿಂದ ಬೇರ್ಪಡಿಸಿದರು. ಮುಂದೆ ನೋಡುವಂತೆ, ಸಮುದಾಯಗಳು ಈ ಭೇದವನ್ನು ವ್ಯವಹಾರದ ಒತ್ತಡದಲ್ಲಿ ತಾವೇ ಮತ್ತೆ ಕಂಡುಕೊಂಡವು.

ಭಾಷೆಯ ಹಂಗಿಲ್ಲದ ಸಂಕೇತದ ಪ್ರಯೋಗವೂ ಹೊಸದಲ್ಲ. ಡಚ್ ಕಲಾಚರಿತ್ರಕಾರ ಹೆನ್ರಿ ವಾನ್ ಡೆ ವಾಲ್ ರೂಪಿಸಿದ ಐಕಾನ್‌ಕ್ಲಾಸ್ ಪದ್ಧತಿಯಲ್ಲಿ ಚಿತ್ರವಿಷಯಗಳಿಗೆ ಅಂಕೆ ಮತ್ತು ಅಕ್ಷರಗಳ ಗುರುತುಗಳಿವೆ. ಗುರುತು ಯಾವ ಭಾಷೆಗೂ ಸೇರಿದ್ದಲ್ಲ. ಆದರೆ ಅದರ ಹತ್ತು ಮುಖ್ಯ ವಿಭಾಗಗಳಲ್ಲಿ ಇಡೀ ಒಂದು ವಿಭಾಗ ಬೈಬಲ್ಲಿಗೂ ಇನ್ನೊಂದು ಗ್ರೀಕ್-ರೋಮನ್ ಪುರಾಣ ಹಾಗೂ ಪ್ರಾಚೀನ ಚರಿತ್ರೆಗೂ ಮೀಸಲಾಗಿದ್ದು, ಕ್ರೈಸ್ತೇತರ ಧರ್ಮಗಳೆಲ್ಲ ಒಂದು ಉಪವಿಭಾಗದೊಳಗೆ ಅಡಕವಾಗಿವೆ. ಪಾಶ್ಚಾತ್ಯ ಕಲೆಯ ಅಧ್ಯಯನಕ್ಕಾಗಿ ರೂಪುಗೊಂಡ ಪದ್ಧತಿಯಲ್ಲಿ ಇದು ಸಹಜವೇ. ಸಂಕೇತ ತಟಸ್ಥವಾದರೂ ವಿಭಜನೆ ತಟಸ್ಥವಾಗಬೇಕಿಲ್ಲ ಎಂಬುದನ್ನು ಮಾತ್ರ ನಾವು ಇಲ್ಲಿ ಗಮನಿಸಬೇಕು.

3. ಬಿಡಿ ಪದಗಳ ಕಾಲ: ಫ್ಲಿಕರ್

2004ರ ಫೆಬ್ರುವರಿಯಲ್ಲಿ ಆರಂಭವಾದ ಫ್ಲಿಕರ್‌ನಲ್ಲಿ ಟ್ಯಾಗ್‌ಗೆ ಯಾವ ನಿಯಮವೂ ಇರಲಿಲ್ಲ. ಅದೇ ವರ್ಷ ಥಾಮಸ್ ವಾಂಡರ್ ವಾಲ್ ಈ ಬಗೆಯ ಜನರೂಢಿಯ ವರ್ಗೀಕರಣಕ್ಕೆ ‘ಫೋಕ್ಸಾನಮಿ’ ಎಂಬ ಹೆಸರನ್ನು ಟಂಕಿಸಿದರು. ಟ್ಯಾಗ್‌ಗಳ ನಡುವೆ ಸಂಬಂಧವನ್ನು ಘೋಷಿಸುವ ಸಾಧನವಿಲ್ಲದಿದ್ದುದರಿಂದ ಸಂಬಂಧವನ್ನು ಬಳಕೆಯಿಂದ ಊಹಿಸಬೇಕಾಗಿತ್ತು. 2005ರಲ್ಲಿ ಫ್ಲಿಕರ್ ಪರಿಚಯಿಸಿದ ಗುಚ್ಛಗಳು, ಒಟ್ಟೊಟ್ಟಿಗೆ ಬರುವ ಟ್ಯಾಗ್‌ಗಳನ್ನು ಆಧರಿಸಿ ಒಂದು ಪದದ ಭಿನ್ನ ಅರ್ಥಗಳನ್ನು ಬೇರ್ಪಡಿಸಲು ಯತ್ನಿಸಿದವು. ಮರುವರ್ಷ ಪ್ಯಾಟ್ರಿಕ್ ಶ್ಮಿಟ್ಸ್ ಸಹಪ್ರಯೋಗದ ಪ್ರಮಾಣದಿಂದಲೇ ಫ್ಲಿಕರ್ ಟ್ಯಾಗ್‌ಗಳ ಸಾಮಾನ್ಯ-ವಿಶೇಷ ಶ್ರೇಣಿಯನ್ನು ಹೊರತೆಗೆಯುವ ಪ್ರಯೋಗ ನಡೆಸಿದರು. ಒಂದು ಪದದ ಅರ್ಥ ಅದರ ಸಹಚರ ಪದಗಳಲ್ಲಿ ತೋರುತ್ತದೆ ಎಂಬ ವಿತರಣಾತ್ಮಕ ನಿಲುವು ಇಲ್ಲಿ ಅನ್ವಯವಾಗಿದೆ.

ಈ ಪದ್ಧತಿಯ ಮಿತಿಗಳನ್ನು ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ 2006ರ ಅಧ್ಯಯನದಲ್ಲಿ ನಿರೂಪಿಸಿದರು. ನಾನಾರ್ಥ ಮತ್ತು ಸಮಾನಾರ್ಥಗಳ ಜೊತೆಗೆ ಅವರು ಗುರುತಿಸಿದ ಮೂರನೆಯ ತೊಡಕು ಮೂಲಸ್ತರದ ಭೇದ: ಒಂದೇ ವಸ್ತುವನ್ನು ಸಾಮಾನ್ಯನು ‘ಹಕ್ಕಿ’ ಎಂದರೆ ಪಕ್ಷಿತಜ್ಞನು ಜಾತಿಯ ಹೆಸರನ್ನೇ ಹೇಳುತ್ತಾನೆ. ಎಲಿನಾರ್ ರಾಷ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಪ್ರತಿಪಾದಿಸಿದ ಮೂಲಸ್ತರವು ವ್ಯಕ್ತಿಯ ಪರಿಣತಿಗೆ ತಕ್ಕಂತೆ ಜರುಗುತ್ತದೆ ಎಂಬುದು ಇಲ್ಲಿ ವ್ಯಕ್ತವಾಗುತ್ತದೆ. ಇಬ್ಬರ ಟ್ಯಾಗೂ ಸರಿಯೇ. ಸಂಬಂಧವಿಲ್ಲದ ಸಂಗ್ರಹದಲ್ಲಿ ಅವು ಪರಸ್ಪರ ಅಪರಿಚಿತವಾಗಿ ಉಳಿಯುತ್ತವೆ.

4. ನಿಯಮ ಕಟ್ಟಿಕೊಂಡ ಸಮುದಾಯ: ಡ್ಯಾನ್‌ಬೂರು

ಜಪಾನಿನ ಅನಿಮೆ ಶೈಲಿಯ ಚಿತ್ರಗಳ ಸಂಗ್ರಹವಾದ ಡ್ಯಾನ್‌ಬೂರು 2005ರಲ್ಲಿ ಆರಂಭವಾಯಿತು. ವಿದ್ವತ್ ವಲಯದಲ್ಲಿ ಕೋಶರಚನೆಯ ಉದಾಹರಣೆಯಾಗಿ ಇದು ಹೆಚ್ಚು ಚರ್ಚೆಗೆ ಬಂದಿಲ್ಲವಾದರೂ, ಟ್ಯಾಗ್‌ಗಳ ಅರ್ಥನಿರ್ಣಯದಲ್ಲಿ ಇಲ್ಲಿನ ಬಳಕೆದಾರರು ತೋರಿದ ಶಿಸ್ತು ಗಮನಾರ್ಹ. ಇಲ್ಲಿ ಮೂರು ಸಾಧನಗಳಿವೆ. ಮೊದಲನೆಯದು ವಿವರಣೆಯ ಪುಟ: ಟ್ಯಾಗನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು, ಹೋಲುವ ಯಾವ ಟ್ಯಾಗ್‌ನಿಂದ ಅದು ಭಿನ್ನ ಎಂಬುದನ್ನು ಅದು ಹೇಳುತ್ತದೆ. ಎರಡನೆಯದು ಪರ್ಯಾಯ ನಿಯಮ: ಅಂಗೀಕೃತವಲ್ಲದ ರೂಪವನ್ನು ಬರೆದರೂ ವ್ಯವಸ್ಥೆ ಅಂಗೀಕೃತ ರೂಪಕ್ಕೆ ಬದಲಿಸುತ್ತದೆ. ಮೂರನೆಯದು ಅನುಗಮ ನಿಯಮ: ‘ಬೆಕ್ಕಿನ ಕಿವಿ’ ಎಂಬರ್ಥದ ಟ್ಯಾಗ್ ಹಚ್ಚಿದೊಡನೆ ‘ಪ್ರಾಣಿಯ ಕಿವಿ’ ಎಂಬರ್ಥದ ಟ್ಯಾಗ್ ತಾನಾಗಿ ಸೇರುತ್ತದೆ. ಹೊಸ ಪರ್ಯಾಯವನ್ನೋ ಅನುಗಮವನ್ನೋ ಸೇರಿಸಬೇಕೆನ್ನುವವರು ಅದನ್ನು ಸಮುದಾಯದ ಮುಂದಿಟ್ಟು ಸಮರ್ಥಿಸಬೇಕು.

ಅನುಗಮ ನಿಯಮವು ಶಬ್ದಾರ್ಥಶಾಸ್ತ್ರದ ಸಾಮಾನ್ಯ-ವಿಶೇಷ ಸಂಬಂಧವನ್ನು ತಾರ್ಕಿಕ ಫಲಿತವಾಗಿಯೇ ಗ್ರಹಿಸುತ್ತದೆ. ‘ಇದು ಅ’ ಎಂಬುದು ನಿಜವಾದರೆ ‘ಇದು ಆ’ ಎಂಬುದೂ ಎಂದೆಂದಿಗೂ ನಿಜವಾಗಿರಬೇಕು; ‘ಸಾಮಾನ್ಯವಾಗಿ ನಿಜ’ ಎಂಬುದು ಸಾಲದು. ಒಂದೇ ಒಂದು ಪ್ರತ್ಯುದಾಹರಣೆಯ ಚಿತ್ರ ಸಿಕ್ಕರೂ ಪ್ರಸ್ತಾವ ದುರ್ಬಲವಾಗುತ್ತದೆ. ಅರ್ಥವಿಶ್ಲೇಷಣೆಯ ತರಗತಿಯಲ್ಲಿ ನಾವು ಬಳಸುವ ಪರೀಕ್ಷೆಯನ್ನೇ ಇಲ್ಲಿ ಹವ್ಯಾಸಿಗಳು ನಿತ್ಯದ ರೂಢಿಯಾಗಿಸಿಕೊಂಡಿದ್ದಾರೆ.

ಭಾಷಾಸಂಪರ್ಕದ ದೃಷ್ಟಿಯಿಂದಲೂ ಈ ಪದಾವಳಿ ಕುತೂಹಲಕಾರಿ. ಟ್ಯಾಗ್‌ಗಳು ಇಂಗ್ಲಿಷಿನಲ್ಲಿದ್ದರೂ, ಜಪಾನಿ ಶಾಲಾಬಾಲಕಿಯರ ನಾವಿಕ ಶೈಲಿಯ ಸಮವಸ್ತ್ರಕ್ಕೆ ‘ಸೆರಾಫುಕು’ ಎಂಬ ಜಪಾನಿ ಪದವೇ ಟ್ಯಾಗ್ ಆಗಿದೆ. ಈ ಪದದ ಪೂರ್ವಾರ್ಧ ಇಂಗ್ಲಿಷಿನ ‘ಸೇಲರ್’ ಎಂಬುದರ ಜಪಾನಿ ರೂಪ. ಉತ್ತರಾರ್ಧ ಉಡುಪು ಎಂಬರ್ಥದ ಜಪಾನಿ ಪದ. ಒಮ್ಮೆ ಎರವಲು ಹೋದ ಪದ ಅರ್ಥಸಂಕೋಚ ಹೊಂದಿ ಮರಳಿ ಇಂಗ್ಲಿಷ್ ಪದಾವಳಿಯನ್ನು ಸೇರಿದೆ. ಎಲ್ಲೆ ಬೇರೆಯಾದರೆ ಪದವೂ ಬೇರೆ ಇರಬೇಕು ಎಂಬ ಅರಿವೇ ಈ ಆಯ್ಕೆಯ ಹಿಂದಿನ ಕಾರಣ.

5. ಕಾಮನ್ಸ್‌ನ ವರ್ಗಗಳು: 2004ರಿಂದ 2019

ವಿಕಿಮೀಡಿಯ ಕಾಮನ್ಸ್ 2004ರ ಸೆಪ್ಟೆಂಬರ್ 7ರಂದು ಆರಂಭವಾಯಿತು. ವಿಕಿ ತಂತ್ರಾಂಶಕ್ಕೆ ವರ್ಗಗಳ ಸೌಲಭ್ಯ ಅದೇ ವರ್ಷದ ಮೇ ತಿಂಗಳಲ್ಲಷ್ಟೆ ಸೇರಿತ್ತು. ಮುಂದಿನ ಹದಿನೈದು ವರ್ಷ ಕಾಮನ್ಸ್‌ನಲ್ಲಿ ಟ್ಯಾಗ್‌ನ ಕೆಲಸವನ್ನು ಮಾಡಿದ್ದು ಈ ವರ್ಗಗಳೇ. ವರ್ಗಕ್ಕೆ ಒಳವರ್ಗಗಳಿರುತ್ತವೆ, ಒಂದು ವರ್ಗ ಏಕಕಾಲದಲ್ಲಿ ಹಲವು ಮೇಲ್ವರ್ಗಗಳಿಗೆ ಸೇರಬಹುದು.

ಸಾಮಾನ್ಯ-ವಿಶೇಷ ಸಂಬಂಧದ ಬಗ್ಗೆ ಕಾಮನ್ಸ್ ತಳೆದ ನಿಲುವು ಡ್ಯಾನ್‌ಬೂರುವಿಗೆ ನೇರ ವಿರುದ್ಧವಾದುದು. ಚಿತ್ರವನ್ನು ಅತ್ಯಂತ ನಿರ್ದಿಷ್ಟವಾದ ವರ್ಗದಲ್ಲಿ ಮಾತ್ರ ಇಡಬೇಕು. ಅದರ ಮೇಲ್ವರ್ಗದಲ್ಲಿಯೂ ಇಟ್ಟರೆ ಅದು ಅತಿವರ್ಗೀಕರಣ ಎನಿಸಿಕೊಳ್ಳುತ್ತದೆ. ಮೇಲಿನದು ಕೆಳಗಿನದರಿಂದಲೇ ತಿಳಿಯುವುದರಿಂದ ಅದನ್ನು ಹೇಳತಕ್ಕದ್ದಲ್ಲ ಎಂಬುದು ಇಲ್ಲಿನ ನ್ಯಾಯ. ಒಂದೆಡೆ, ಫಲಿತವಾಗುವುದರಿಂದಲೇ ಬರೆಯಬೇಕು. ಇನ್ನೊಂದೆಡೆ, ಫಲಿತವಾಗುವುದರಿಂದಲೇ ಬರೆಯಬಾರದು. ಒಂದೇ ಅರ್ಥಸಂಬಂಧದಿಂದ ಎರಡು ವಿರುದ್ಧ ವಿಧಿಗಳು ಹುಟ್ಟಿವೆ.

ಕಾಮನ್ಸ್‌ನ ನ್ಯಾಯ ನಿಲ್ಲಬೇಕಾದರೆ ವರ್ಗಸಂಬಂಧವು ಸಂಕ್ರಮಣಶೀಲವಾಗಿರಬೇಕು. ವಾಸ್ತವದಲ್ಲಿ ಅದು ಹಾಗಿಲ್ಲ. ಹಂಪಿಯ ಕೆಳಗೆ ವಿಠ್ಠಲ ದೇವಾಲಯ, ಅದರ ಕೆಳಗೆ ಕಲ್ಲಿನ ರಥ ಎಂಬ ಸರಣಿಯಲ್ಲಿರುವುದು ಅಂಗಾಂಗಿ ಸಂಬಂಧ; ರಥವು ಹಂಪಿಯ ಒಂದು ಪ್ರಭೇದವಲ್ಲ. ಒಂದು ದೇಶದ ಕೆಳಗೆ ಆ ದೇಶದ ಚರಿತ್ರೆ ಎಂಬ ವರ್ಗ ಬಂದರೆ ಅದು ವಿಷಯ ಸಂಬಂಧ. ಪ್ರಭೇದ, ಅಂಗ, ವಿಷಯ ಎಂಬ ಮೂರು ಸಂಬಂಧಗಳೂ ಒಂದೇ ಗುರುತಿನಲ್ಲಿ ಬೆರೆತಿರುವುದರಿಂದ, ನಾಲ್ಕಾರು ಹೆಜ್ಜೆ ಮೇಲೇರುವಷ್ಟರಲ್ಲಿ ಚಿತ್ರಕ್ಕೂ ವರ್ಗಕ್ಕೂ ಸಂಬಂಧವೇ ಕಾಣದಂತಾಗುವುದುಂಟು.

ಹೆಸರಿನ ಭಾಷೆಯ ಪ್ರಶ್ನೆ ಇಲ್ಲಿ ಮೊದಲಿನಿಂದಲೂ ಸ್ಪಷ್ಟವಾಗಿ ಎದ್ದಿದೆ. ಕಾಮನ್ಸ್ ಎಲ್ಲ ಭಾಷೆಗಳ ವಿಕಿಗಳಿಗೂ ಸಾಮಾನ್ಯ ಭಂಡಾರ. ಆದರೂ ವರ್ಗಗಳ ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕು ಎಂಬುದು ನಿಯಮ. ಕೆಲವು ಅಂಕಿತನಾಮಗಳು, ಜೀವಜಾತಿಗಳ ಲ್ಯಾಟಿನ್ ಹೆಸರುಗಳು ಮತ್ತು ಇಂಗ್ಲಿಷಿನಲ್ಲಿ ಸರಿಸಮ ಪದವಿಲ್ಲದ ಪದಗಳು ಇದಕ್ಕೆ ಅಪವಾದ. ಈ ಮೂರನೆಯ ಅಪವಾದ ಸೂಕ್ಷ್ಮವಾದುದು: ಸರಿಸಮ ಪದವಿಲ್ಲವೆಂದು ಸಾಧಿಸುವ ಹೊಣೆ ಇಂಗ್ಲಿಷೇತರ ಭಾಷೆಯ ಮೇಲೆ ಬೀಳುತ್ತದೆ.

ಒಂದು ಭಾಷೆಯ ಆಕಸ್ಮಿಕ ರೂಪಸಾಮ್ಯವು ಇಡೀ ಸಂಗ್ರಹದ ರಚನೆಯಾಗುವುದನ್ನೂ ಇಲ್ಲಿ ಕಾಣಬಹುದು. ‘ಮರ್ಕ್ಯುರಿ’ ಎಂಬುದು ಇಂಗ್ಲಿಷಿನಲ್ಲಿ ಗ್ರಹ, ಧಾತು, ರೋಮನ್ ದೇವತೆ ಮೂರಕ್ಕೂ ಹೆಸರು. ಆದ್ದರಿಂದ ಅರ್ಥಭೇದಕ ವಿಶೇಷಣಗಳು ಬೇಕಾಗುತ್ತವೆ. ಕನ್ನಡದ ‘ಬುಧ’ ಮತ್ತು ‘ಪಾದರಸ’ಗಳ ನಡುವೆ ಆ ಗೊಂದಲವೇ ಇಲ್ಲ. ಅದೇ ‘ಬುಧ’ಕ್ಕೆ ಗ್ರಹ, ವಾರ, ವಿದ್ವಾಂಸ ಎಂಬ ಬೇರೆ ನಾನಾರ್ಥಗಳಿವೆ, ಅವನ್ನು ಬಿಡಿಸುವ ಅಗತ್ಯ ಇಂಗ್ಲಿಷ್ ಹೆಸರಿನ ಸಂಗ್ರಹದಲ್ಲಿ ಎಂದೂ ಏಳುವುದಿಲ್ಲ.

6. ಹೆಸರಿನಿಂದ ಬಿಡುಗಡೆ: 2019ರ ನಂತರ

2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಪ್ರತಿಯೊಂದು ಪರಿಕಲ್ಪನೆಗೂ ಒಂದು ಸಂಖ್ಯೆಯಿದೆ. ಆ ಸಂಖ್ಯೆಗೆ ಪ್ರತಿ ಭಾಷೆಯಲ್ಲೂ ಒಂದು ಹೆಸರು, ಕಿರುವಿವರಣೆ ಮತ್ತು ಪರ್ಯಾಯ ಹೆಸರುಗಳನ್ನು ಕೊಡಬಹುದು. ಕಾಮನ್ಸ್‌ಗೂ ಈ ವ್ಯವಸ್ಥೆಯನ್ನು ವಿಸ್ತರಿಸಲು ಆಲ್‌ಫ್ರೆಡ್ ಪಿ. ಸ್ಲೋನ್ ಪ್ರತಿಷ್ಠಾನ 2017ರಲ್ಲಿ ಸುಮಾರು 30 ಲಕ್ಷ ಡಾಲರ್ ಅನುದಾನ ನೀಡಿತು. 2019ರ ಜನವರಿಯಲ್ಲಿ ಬಹುಭಾಷಿಕ ಚಿತ್ರಶೀರ್ಷಿಕೆಗಳೂ ಏಪ್ರಿಲ್‌ನಲ್ಲಿ ‘ಚಿತ್ರಿಸುತ್ತದೆ’ ಎಂಬ ಹೇಳಿಕೆಗಳೂ ಬಳಕೆಗೆ ಬಂದವು. ಅಲ್ಲಿಂದ ಮುಂದೆ ಚಿತ್ರಕ್ಕೆ ಹಚ್ಚುವುದು ಪದವನ್ನಲ್ಲ, ಸಂಖ್ಯೆಯನ್ನು.

ಇದರಿಂದ ಮೂರು ಬದಲಾವಣೆಗಳಾದವು. ಮೊದಲನೆಯದಾಗಿ, ಸಮಾನಾರ್ಥ ಭಾಷೆಯೊಳಗಿನ ವಿಷಯವಾಯಿತು; ಕನ್ನಡದ ಪರ್ಯಾಯಗಳನ್ನು ಕನ್ನಡದೊಳಗೇ ಪಟ್ಟಿಮಾಡಬಹುದು. ಎರಡನೆಯದಾಗಿ, ನಾನಾರ್ಥದ ಪರಿಹಾರ ಹೆಸರಿನಿಂದ ವಿವರಣೆಗೆ ಸರಿಯಿತು: ಒಂದೇ ಭಾಷೆಯಲ್ಲಿ ಹಲವು ಪರಿಕಲ್ಪನೆಗಳಿಗೆ ಒಂದೇ ಹೆಸರಿರಬಹುದು, ಆದರೆ ಹೆಸರು ಮತ್ತು ವಿವರಣೆಗಳ ಜೋಡಿ ಮರುಕಳಿಸುವಂತಿಲ್ಲ. ಮೂರನೆಯದಾಗಿ, ವರ್ಗಗಳಲ್ಲಿ ಬೆರೆತಿದ್ದ ಸಂಬಂಧಗಳು ಬೇರ್ಪಟ್ಟವು. ‘ಇದರ ಉದಾಹರಣೆ’, ‘ಇದರ ಉಪವರ್ಗ’, ‘ಇದರ ಭಾಗ’ ಎಂಬವು ಪ್ರತ್ಯೇಕ ಗುಣಗಳಾದವು.

ಆದರೂ ಹಳೆಯ ಪ್ರಶ್ನೆ ಹೋಗಲಿಲ್ಲ. ಮಾವಿನ ಮರವೆಂದು ಗುರುತಿಸಿದ ಚಿತ್ರಕ್ಕೆ ಮರವೆಂಬ ಹೇಳಿಕೆಯನ್ನೂ ಸೇರಿಸಬೇಕೇ ಎಂಬ ವಿವಾದ ಇಲ್ಲಿಯೂ ಎದ್ದಿತು. ಸಂಬಂಧಜಾಲದಲ್ಲಿ ಫಲಿತ ಅಡಗಿದೆ ಎಂಬುದು ಒಂದು ಪಕ್ಷ. ಆದರೆ ಹೇಳಿಕೆಗಳನ್ನು ನೇರವಾಗಿ ಹುಡುಕುವ ಸಾಮಾನ್ಯ ಶೋಧನೆ ಉಪವರ್ಗಗಳ ಸರಣಿಯನ್ನು ಇಳಿದು ನೋಡುವುದಿಲ್ಲ. ಅದಕ್ಕೆ ವಿಶೇಷ ಪ್ರಶ್ನಾಭಾಷೆ ಬೇಕು. ಆದ್ದರಿಂದ, ಓದುಗನಿಗೆ ಸಿಗಬೇಕಾದರೆ ಬರೆಯಲೇಬೇಕು ಎಂಬುದು ಇನ್ನೊಂದು ಪಕ್ಷ. ಅರ್ಥದಲ್ಲಿ ಅಡಗಿರುವುದು ವ್ಯವಹಾರದಲ್ಲಿ ಲಭ್ಯವಾಗುತ್ತದೆ ಎಂಬ ಖಾತ್ರಿಯಿಲ್ಲ ಎಂಬುದು ಈ ವಿವಾದದ ತಿರುಳು. ಯಂತ್ರವೇ ಟ್ಯಾಗ್ ಸೂಚಿಸುವ ಸಾಧನವನ್ನು ಕಾಮನ್ಸ್‌ನಲ್ಲಿ ಅಳವಡಿಸಿದಾಗಲೂ, ಅದು ತೀರ ಸಾಮಾನ್ಯವಾದ ಪರಿಕಲ್ಪನೆಗಳನ್ನೇ ಮುಂದಿಡುತ್ತದೆ ಎಂಬ ಆಕ್ಷೇಪ ಸದಸ್ಯರಿಂದ ಬಂತು.

7. ಎಲ್ಲೆಗಳು ಯಾರವು? ಕನ್ನಡದ ಸ್ಮಾರಕಶಿಲೆಗಳು

ಕಾಮನ್ಸ್‌ನ ಕಡತಗಳ ಸಂಖ್ಯೆ 2023ರಲ್ಲಿ 10 ಕೋಟಿಯನ್ನು ದಾಟಿತು. ಕರ್ನಾಟಕದ ದೇವಾಲಯ, ಶಾಸನ ಮತ್ತು ಸ್ಮಾರಕಶಿಲೆಗಳ ಚಿತ್ರಗಳೂ ಅದರಲ್ಲಿವೆ. ಇವುಗಳ ಪೈಕಿ ವೀರಗಲ್ಲನ್ನು ಪರಿಶೀಲಿಸೋಣ. ಇಂಗ್ಲಿಷಿನಲ್ಲಿ ಇದಕ್ಕೆ ರೂಢಿಯಾಗಿರುವ ‘ಹೀರೋ ಸ್ಟೋನ್’ ಎಂಬುದು ಕನ್ನಡ ಪದದ ಅನುವಾದ. ಹೆಸರಿನ ಮಟ್ಟದಲ್ಲಿ ಸಮಸ್ಯೆಯಿಲ್ಲ. ಸಮಸ್ಯೆ ಇರುವುದು ಸಂಬಂಧಗಳಲ್ಲಿ.

ಕನ್ನಡ ವಿದ್ವತ್ ಪರಂಪರೆ ಸ್ಮಾರಕಶಿಲೆಗಳನ್ನು ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಕಲ್ಲು ಎಂದು ವಿಂಗಡಿಸುತ್ತದೆ. ಎಸ್. ಶೆಟ್ಟರ್ ಮತ್ತು ಜಿ. ಡಿ. ಸೊಂಥೈಮರ್ 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಈ ಕ್ಷೇತ್ರದ ಮುಖ್ಯ ಆಕರ. ವೀರನೂ ಸಹಗಮನ ಮಾಡಿದ ಸತಿಯೂ ಒಂದೇ ಶಿಲೆಯಲ್ಲಿ ಸ್ಮರಿಸಲ್ಪಟ್ಟರೆ ಅದು ವೀರಮಾಸ್ತಿಕಲ್ಲು. ಇದನ್ನು ಎರಡರ ಉಪವರ್ಗವೆಂದು ಕೊಳ್ಳಬೇಕೇ, ಎರಡರಿಂದಲೂ ಭಿನ್ನವಾದ ಮೂರನೆಯ ಬಗೆಯೆಂದು ಕೊಳ್ಳಬೇಕೇ? ಮೊದಲನೆಯದನ್ನು ಒಪ್ಪಿದರೆ ಅದು ವೀರಗಲ್ಲುಗಳ ಎಣಿಕೆಗೂ ಮಾಸ್ತಿಕಲ್ಲುಗಳ ಎಣಿಕೆಗೂ ಸೇರುತ್ತದೆ. ಎರಡನೆಯದನ್ನು ಒಪ್ಪಿದರೆ ಯಾವುದಕ್ಕೂ ಸೇರುವುದಿಲ್ಲ. ಹೆಸರನ್ನು ಅನುವಾದಿಸಿದಾಗ ಈ ಪ್ರಶ್ನೆ ಗೋಚರಿಸುವುದೇ ಇಲ್ಲ.

ವೀರಗಲ್ಲುಗಳೊಳಗೆ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂದು ಮರಣದ ಸಂದರ್ಭವನ್ನು ಹಿಡಿದು ಮಾಡುವ ವಿಂಗಡಣೆಯೂ ಇದೆ. ಇವು ಶಾಸನಗಳಲ್ಲೇ ಬರುವ ಪದಗಳು. ದನಗಳ ಸಾಲು ಕೆತ್ತಿದ್ದರೆ ತುರುಗೋಳು ಕಣ್ಣಿಗೂ ಕಂಡೀತು. ಉಳಿದೆಡೆ ಕೆತ್ತನೆ ಕೇವಲ ಹೋರಾಟವನ್ನು ತೋರಿಸುತ್ತದೆ, ಕಾರಣವನ್ನು ಪಾಠ ಹೇಳುತ್ತದೆ. ಚಿತ್ರದಲ್ಲಿ ಕಾಣುವುದನ್ನೇ ಟ್ಯಾಗ್ ಮಾಡಬೇಕು ಎಂಬ ತತ್ತ್ವವನ್ನು ಇಲ್ಲಿ ಅನ್ವಯಿಸಿದರೆ, ಓದಬಲ್ಲವನಿಗೆ ಕಣ್ಣೆದುರೇ ಇರುವ ಅಕ್ಷರವನ್ನು ಕಾಣದ ವಸ್ತುವೆಂದು ಬಗೆದಂತಾಗುತ್ತದೆ.

ಆತಕೂರಿನ ಶಿಲೆ ಇದಕ್ಕೆ ಸ್ಪಷ್ಟ ನಿದರ್ಶನ. ಕ್ರಿ.ಶ. 949ರ ಕಾಲದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲೆಯಲ್ಲಿ ನಾಯಿಯೂ ಹಂದಿಯೂ ಕಾದುವ ಕೆತ್ತನೆಯಿದೆ. ಬೂತುಗನಿಂದ ಮಣಲೆರ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಶಾಸನ ಹೇಳುತ್ತದೆ. ಜೊತೆಗೆ ರಾಷ್ಟ್ರಕೂಟ-ಚೋಳ ಯುದ್ಧವನ್ನೂ ದಾಖಲಿಸುತ್ತದೆ. ಶ್ಯಾಟ್‌ಫರ್ಡ್ ಅವರ ಪರಿಭಾಷೆಯಲ್ಲಿ, ಚಿತ್ರ ನಾಯಿಹಂದಿಗಳದು. ಶಿಲೆ ಮಾತ್ರ ನಿಷ್ಠೆ ಮತ್ತು ಶೌರ್ಯದ ಕುರಿತದ್ದು. ‘ಚಿತ್ರಿಸುತ್ತದೆ’ ಎಂಬ ಗುಣ ಮೊದಲನೆಯದನ್ನು ಹೇಳುತ್ತದೆ. ಇದು ವೀರಗಲ್ಲೇ ಎಂಬ ಪ್ರಶ್ನೆಗೆ ಉತ್ತರ, ವೀರ ಎಂಬುದರ ಎಲ್ಲೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದನ್ನು ಅವಲಂಬಿಸಿದೆ. ಕೋಶದ ವಿವರಣೆಯಲ್ಲಿ ‘ಯುದ್ಧದಲ್ಲಿ ಮಡಿದ ವ್ಯಕ್ತಿಯ ಸ್ಮಾರಕ’ ಎಂದು ಬರೆದ ಕ್ಷಣವೇ ಕಾಳಿಯ ಕಲ್ಲು ಹೊರಗುಳಿಯುತ್ತದೆ.

ಇದೇ ಬಗೆಯ ಅನುಭವ ಭಾರತೀಯ ಭಾಷೆಗಳ ಪದಜಾಲ ನಿರ್ಮಾಣದಲ್ಲೂ ಆಗಿದೆ. ಕನ್ನಡವನ್ನೂ ಒಳಗೊಂಡ ಇಂಡೋವರ್ಡ್‌ನೆಟ್ ಬಹುಮಟ್ಟಿಗೆ ಹಿಂದಿ ವರ್ಡ್‌ನೆಟ್‌ನ ಪರಿಕಲ್ಪನಾ ಗುಚ್ಛಗಳನ್ನು ವಿಸ್ತರಿಸುವ ಕ್ರಮದಲ್ಲಿ ಕಟ್ಟಲ್ಪಟ್ಟಿತು. ವಿಸ್ತರಣೆ ಶ್ರಮವನ್ನು ಉಳಿಸುತ್ತದೆ, ಭಾಷೆಗಳನ್ನು ಹೊಂದಿಸುತ್ತದೆ. ಆದರೆ ಮೂಲದಲ್ಲಿಲ್ಲದ ಭೇದವನ್ನು ಅದು ತಾನಾಗಿ ಕಾಣಿಸಲಾರದು. ವಿಕಿಡೇಟಾದಲ್ಲಿ ತಾಂತ್ರಿಕ ಅಡ್ಡಿ ಇಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಇಂಗ್ಲಿಷ್ ಹೆಸರಿಲ್ಲದೆ, ಕೇವಲ ಕನ್ನಡದ ಹೆಸರು ಮತ್ತು ವಿವರಣೆಗಳೊಂದಿಗೆ ಪರಿಕಲ್ಪನೆಯನ್ನು ಸೃಷ್ಟಿಸಲು ಅವಕಾಶವಿದೆ. ಇರುವ ಪರಿಕಲ್ಪನೆಗೆ ಕನ್ನಡ ಹೆಸರನ್ನು ಸೇರಿಸುವುದು ಸುಲಭ. ಪರಿಕಲ್ಪನೆಯ ಎಲ್ಲೆಯನ್ನು ಕನ್ನಡದಲ್ಲಿ ಚರ್ಚಿಸಿ ಸಂಬಂಧಗಳನ್ನು ಸ್ಥಾಪಿಸುವುದು ಕಷ್ಟದ ಕೆಲಸ. ಈ ಎರಡನೆಯ ಕೆಲಸವೇ ಭಾಷಾಶಾಸ್ತ್ರಜ್ಞರದು.

8. ಉಪಸಂಹಾರ

ಫ್ಲಿಕರ್‌ನಲ್ಲಿ ಸಂಬಂಧವು ಬಳಕೆಯಿಂದ ಊಹಿತ. ಡ್ಯಾನ್‌ಬೂರುವಿನಲ್ಲಿ ನಿಯಮದಿಂದ ಲಿಖಿತ. ಕಾಮನ್ಸ್‌ನ ವರ್ಗಗಳಲ್ಲಿ ಶ್ರೇಣಿಯಿಂದ ಸೂಚಿತ. ವಿಕಿಡೇಟಾ ಆಧಾರಿತ ಹೇಳಿಕೆಗಳಲ್ಲಿ ಜಾಲದಿಂದ ನಿಗಮಿತ. ಇವು ಒಂದನ್ನೊಂದು ಮೀರಿಸಿದ ಮೆಟ್ಟಿಲುಗಳಲ್ಲ. ಡ್ಯಾನ್‌ಬೂರುವಿನ ವಿವರಣೆಯ ಪುಟದಲ್ಲಿರುವ ‘ಎಲ್ಲಿ ಬಳಸಬಾರದು’ ಎಂಬ ಸ್ಪಷ್ಟತೆ ವಿಕಿಡೇಟಾದ ಒಂದು ಸಾಲಿನ ಕಿರುವಿವರಣೆಯಲ್ಲಿ ಹಿಡಿಸುವುದಿಲ್ಲ. ವಿಕಿಡೇಟಾದ ಬಹುಭಾಷಿಕತೆ ಡ್ಯಾನ್‌ಬೂರುವಿನ ಇಂಗ್ಲಿಷ್ ಟ್ಯಾಗ್‌ಗಳಿಗೆ ಇಲ್ಲ.

ಇದರಿಂದ ಎರಡು ಕರ್ತವ್ಯಗಳು ಹೊರಡುತ್ತವೆ. ಕನ್ನಡ ಸಾಮಗ್ರಿಯ ಚಿತ್ರಸಂಗ್ರಹದಲ್ಲಿ ಮೊದಲು ಆಗಬೇಕಾದದ್ದು ಹೆಸರುಗಳ ಅನುವಾದವಲ್ಲ, ವ್ಯಾಪ್ತಿಯ ವಿವರಣೆ. ರೂಪ, ಕಾರಣ, ಆಚರಣೆ ಎಂಬ ವಿಂಗಡಣೆಯ ಆಧಾರಗಳನ್ನು ಬೇರ್ಪಡಿಸಿ ಬರೆದರೆ ವೀರಮಾಸ್ತಿಕಲ್ಲಿನಂತಹ ಸಂಕರ ಪ್ರಭೇದಗಳು ಎಲ್ಲಿಯೂ ಸೇರದೆ ಉಳಿಯುವ ಪ್ರಸಂಗ ತಪ್ಪುತ್ತದೆ.

ಎರಡನೆಯದು ಸಂಶೋಧನೆಗೆ ಸಂಬಂಧಿಸಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಗಳ ಅರ್ಥಕ್ಕೆ ಪ್ರಯೋಗಗಳ ಆಧಾರವನ್ನು ಕೊಡುತ್ತದೆ. ಅರ್ಥನಿರ್ಣಯದ ಹಿಂದಿನ ವಾದವಿವಾದ ಮುದ್ರಿತ ಪುಟದಲ್ಲಿ ಕಾಣದು. ಸಮುದಾಯ ಸಂಗ್ರಹಗಳಲ್ಲಾದರೋ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಮೇತ ಉಳಿದಿರುತ್ತದೆ. ಒಂದು ಪದದ ಎಲ್ಲೆಯನ್ನು ಯಾವಾಗ, ಯಾವ ಪ್ರತ್ಯುದಾಹರಣೆಯಿಂದ ಬದಲಿಸಲಾಯಿತು ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಓದಬಹುದು. ಅರ್ಥವು ಒಪ್ಪಂದದಿಂದ ಸಿದ್ಧಿಸುತ್ತದೆ ಎಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಆ ಒಪ್ಪಂದ ಏರ್ಪಡುವ ಪ್ರಕ್ರಿಯೆಯ ದಾಖಲೆ ಇಷ್ಟು ವಿವರವಾಗಿ ಹಿಂದೆಂದೂ ದೊರೆತಿರಲಿಲ್ಲ. ಅದರಲ್ಲಿ ಕನ್ನಡದ ಚರ್ಚೆಗಳೂ ಸೇರಬೇಕಾದರೆ, ಅವು ಮೊದಲು ಕನ್ನಡದಲ್ಲಿ ನಡೆಯಬೇಕು.